ಐರಣಿಯ ಐದು ಗಡಿಗೆ

"ಗುರುಗಳೇ, ಮತ್ತೆ ಔಷಧಿ ಕೊಡುವ ಧೈರ್ಯ ನನಗೆ ಯಾವಾಗ ಬರುತ್ತದೆ?" ಎಂದು ಶಿಷ್ಯ ಕೇಳಿದ.

ಬೇರು, ತೊಗಟೆ ಅರೆದು ಮಠಕ್ಕೆ ಬಂದ ರೋಗಿಗಳಿಗೆ ಔಷಧಿ ಕೊಡುವುದು ಅವನ ಕೆಲಸವಾಗಿತ್ತು. ಎರಡು ತಿಂಗಳ ಹಿಂದೆ ಅವನ ಕಷಾಯ ಕುಡಿದ ಮುದುಕನೊಬ್ಬ ಮರುದಿನ ತೀರಿಕೊಂಡ. ಮುದುಕನ ಮನೆಯವರು ಯಾರನ್ನೂ ದೂರಲಿಲ್ಲ. ಆದರೂ ಶಿಷ್ಯ ಅಂದಿನಿಂದ ಅರೆಯುವ ಕಲ್ಲನ್ನು ಮುಟ್ಟಿರಲಿಲ್ಲ. ಈ ಬೆಳಿಗ್ಗೆ ಜ್ವರ ಬಂದ ಹೆಂಗಸೊಬ್ಬಳು ಮಠದ ಜಗಲಿಗೆ ಬಂದು ಕುಳಿತಿದ್ದಳು. ಮೊದಲು ತನ್ನ ಭಯ ಹೋಗಬೇಕು, ಆಮೇಲೆಯೇ ಔಷಧಿ ಎಂದು ಅವನು ಹೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ನೀರಿನ ಕೊಡ, ಸಾರಿನ ಮಡಕೆ, ಕಾಳು ತುಂಬುವ ವಾಡೆ ಎಲ್ಲವನ್ನೂ ಮಾಡುತ್ತಿದ್ದ. ಗಂಡ ಹೆಂಡತಿ ಇಬ್ಬರ ಹೊಟ್ಟೆ ಅದರಲ್ಲೇ ನಡೆಯುತ್ತಿತ್ತು. ಅವನಿಗೆ ಹೆಸರು ಬಂದದ್ದು ಮಾತ್ರ ಐರಣಿ ಗಡಿಗೆಗಳಿಂದ. ಮದುವೆಯ ಮುನ್ನಾದಿನ ಹೆಂಗಸರು ಹಾಡುತ್ತ ಕುಂಬಾರನ ಮನೆಗೆ ಬಂದು, ಪೂಜೆ ಮಾಡಿ, ಅವನು ಸುಣ್ಣ ಬಳಿದು ಕೆಮ್ಮಣ್ಣಿನ ಗೆರೆ ಎಳೆದಿಟ್ಟ ಐದು ಗಡಿಗೆಗಳನ್ನು ಮದುವೆಯ ಚಪ್ಪರಕ್ಕೆ ಒಯ್ಯುತ್ತಾರೆ. ಅದು ಐರಣಿ. ಅವನು ತಟ್ಟಿದ ಐರಣಿ ಗಡಿಗೆ ಎಷ್ಟು ತೆಳುವೆಂದರೆ, ಬೆರಳಿನಿಂದ ಮೀಟಿದರೆ ಕಂಚಿನ ದನಿ ಬರುತ್ತಿತ್ತು. ಗಡಿಗೆಯ ಸುತ್ತಲಿನ ಕೆಂಪು ಗೆರೆಯನ್ನು ಒಂದೇ ಉಸಿರಿಗೆ ಎಳೆದು ಮುಗಿಸುತ್ತಿದ್ದ. ಹಾಗೆ ಎಳೆಯುವಾಗ ಅವನಿಗೆ ಹಸಿವು ಬಾಯಾರಿಕೆ ನೆನಪಾಗುತ್ತಿರಲಿಲ್ಲ.

ಒಮ್ಮೆ ನೀಲವ್ವ ಎಂಬ ಹುಡುಗಿಯ ಮದುವೆಗೆ ಗಡಿಗೆ ಮಾಡಿಕೊಟ್ಟ. ಚಪ್ಪರದ ಬಾಗಿಲಲ್ಲಿ, ಅವಳ ಸೋದರತ್ತೆಯ ಕೈಯಲ್ಲಿದ್ದ ಗಡಿಗೆ ತಾನಾಗಿ ಬಿರಿದು ಎರಡಾಯಿತು. ಹಾಡು ನಿಂತಿತು. ಹಿರಿಯರು ಏನೋ ಸಮಾಧಾನ ಹೇಳಿ ಮದುವೆ ಮುಗಿಸಿದರು. ವರ್ಷ ತುಂಬುವ ಮೊದಲೇ ನೀಲವ್ವನ ಗಂಡ ಹಾವು ಕಚ್ಚಿ ಸತ್ತ. ಅವಳು ತವರಿಗೆ ಮರಳಿದಳು.

ಊರಿನವರು ಕುಂಬಾರನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಅವನು ತಪ್ಪನ್ನು ಹುಡುಕತೊಡಗಿದ. ಮಣ್ಣು ನೆನೆದದ್ದು ಕಡಿಮೆಯಾಯಿತೇ? ಮರಳು ಹೆಚ್ಚಾಯಿತೇ? ಗಡಿಗೆ ಸುಡುವ ಆವಿಗೆಯನ್ನು ಬಿಸಿ ಆರುವ ಮೊದಲೇ ಬಿಚ್ಚಿದೆನೇ? ಎಲ್ಲವೂ ಎಂದಿನಂತೆಯೇ ಇತ್ತು. ತಪ್ಪು ಸಿಕ್ಕಿದ್ದರೆ ತಿದ್ದಿಕೊಳ್ಳುತ್ತಿದ್ದ. ಸಿಗದ ತಪ್ಪು ಪ್ರತಿ ಗಡಿಗೆಯಲ್ಲಿಯೂ ಕುಳಿತಿರುವಂತೆ ಅವನಿಗೆ ತೋರಿತು.

ಒಡೆಯದಿರಲಿ ಎಂದು ಅವನು ಗಡಿಗೆಗಳನ್ನು ದಪ್ಪವಾಗಿ ಮಾಡತೊಡಗಿದ. ಕೊಡ ಹೊತ್ತ ಹೆಂಗಸರು ಕುತ್ತಿಗೆ ನೋವೆಂದರು. ನೀರು ತಣ್ಣಗಾಗುವುದಿಲ್ಲ ಎಂದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಮಳೆಗಾಲದ ಕೊನೆಗೆ, ಗಡಿಗೆಗಳ ದಪ್ಪ ಮೈಯೊಳಗೆ ಉಳಿದ ತೇವ ಬೆಂಕಿಯಲ್ಲಿ ಸಿಡಿದು ಆವಿಗೆಯಲ್ಲಿದ್ದ ಎಲ್ಲವೂ ಒಡೆದುಹೋದವು. ಅವನು ಆಚೆ ನಿಂತು ಒಂದೊಂದೇ ಸಿಡಿಯುವ ಸದ್ದನ್ನು ಕೇಳಿದ.

ಅಲ್ಲಿಗೆ ಗಡಿಗೆ ಮಾಡುವುದನ್ನೇ ಬಿಟ್ಟ. ಚಾವಣಿಯ ಹೆಂಚು ಮಾಡತೊಡಗಿದ. ಹೆಂಚು ಒಡೆದರೆ ಯಾರೂ ಅಳುವುದಿಲ್ಲ. ಹೊಟ್ಟೆ ಮೊದಲಿನಂತೆಯೇ ತುಂಬುತ್ತಿತ್ತು. ಆದರೆ ಮದುವೆಯ ಹಾಡು ದೂರದಲ್ಲಿ ಕೇಳಿದರೂ ಅವನು ಎದ್ದು ಒಳಗೆ ಹೋಗುತ್ತಿದ್ದ. ಹಿತ್ತಿಲಲ್ಲಿ ಒಂದು ಹೆಂಚು ಬಿದ್ದು ಒಡೆದರೆ ಯಾರ ಮನೆಯಲ್ಲಿ ಏನಾಯಿತೋ ಎಂದು ಬೆವರುತ್ತಿದ್ದ. ಊರಿನವರು ಐರಣಿ ಗಡಿಗೆಗಳನ್ನು ಪಕ್ಕದ ಊರಿನಿಂದ ತರುವುದು ರೂಢಿಯಾಯಿತು. ಹೀಗೆ ಆರು ವರ್ಷ ಕಳೆಯಿತು.

ಒಂದು ಮಧ್ಯಾಹ್ನ ನೀಲವ್ವ ಅವನ ಅಂಗಳಕ್ಕೆ ಬಂದಳು. ಅವಳನ್ನು ಕಂಡು ಕುಂಬಾರನ ಕೈಯಲ್ಲಿದ್ದ ಹಸಿ ಹೆಂಚು ಸೊಟ್ಟಗಾಯಿತು. ಏನೋ ಕೇಳಲು ಬಂದಿದ್ದಾಳೆ, ಇಷ್ಟು ದಿನ ಇದಕ್ಕೇ ಕಾದಿದ್ದಾಳೆ ಎಂದುಕೊಂಡ. ಅವಳು ಕೇಳಿದ್ದು ಬೇರೆ. ಅವಳ ತಂಗಿಯ ಮದುವೆ ಇನ್ನು ಹದಿನೈದು ದಿನಕ್ಕೆ ನಿಶ್ಚಯವಾಗಿತ್ತು. ಐರಣಿ ಗಡಿಗೆಯನ್ನು ಅಕ್ಕನೇ ಹೊರಬೇಕು, ಇಲ್ಲದಿದ್ದರೆ ತಾನು ಹಸೆಗೆ ಏರುವುದಿಲ್ಲ ಎಂದು ತಂಗಿ ಹಟ ಹಿಡಿದಿದ್ದಳು. ಹಿರಿಯರು ಮುಖ ಸಿಂಡರಿಸಿದರೂ ಕೊನೆಗೆ ಒಪ್ಪಿದ್ದರು. ಗಂಡ ಸತ್ತವಳು ಹೊರುತ್ತಾಳೆಂದು ಕೇಳಿ ಪಕ್ಕದ ಊರಿನ ಕುಂಬಾರ ಗಡಿಗೆ ಕೊಡಲು ಒಲ್ಲೆ ಎಂದಿದ್ದ.

ಕುಂಬಾರ ತಲೆ ಎತ್ತಲಿಲ್ಲ. ತನ್ನ ಕೈ ಸರಿಯಿಲ್ಲ, ಬೇಕಾದರೆ ದೂರದ ಊರಿಗೆ ಹೋಗಿ ತಾನೇ ತಂದುಕೊಡುತ್ತೇನೆ ಎಂದ. ನೀಲವ್ವ ಅಲ್ಲಿಯೇ ನಿಂತಿದ್ದಳು.

"ಕಾಕಾ, ಅಂದು ಅದು ಯಾಕೆ ಒಡೆಯಿತು ಎಂದು ಕೇಳಲು ನಾನು ಬಂದಿಲ್ಲ," ಎಂದಳು. "ಊರೆಲ್ಲ ನನ್ನ ಕೈಯನ್ನೇ ನೋಡುತ್ತದೆ. ಗಡಿಗೆ ಭಾರವಾದರೆ ನಾನು ಹೆದರಿದ್ದು ಎಲ್ಲರಿಗೂ ಕಾಣುತ್ತದೆ. ಹಗುರವಾಗಿ ಮಾಡಿಕೊಡಿ."

ಅವನು ಸೊಟ್ಟಗಾದ ಹೆಂಚನ್ನು ಮತ್ತೆ ಮುದ್ದೆ ಮಾಡತೊಡಗಿದ. ಅವಳು ಹೋದ ಮೇಲೆ ಅವನ ಹೆಂಡತಿ ಮೂಲೆಗೆ ಒರಗಿಸಿದ್ದ, ಗಡಿಗೆ ತಿರುಗಿಸುವ ಚಕ್ರವಾದ ತಿಗರಿಯನ್ನು ಹೊರಗೆ ಉರುಳಿಸಿಕೊಂಡು ಬಂದು ನೀರು ಚಿಮುಕಿಸಿ ಒರೆಸಿದಳು.

ಮೊದಲ ದಿನ ಒಂದೂ ಗಡಿಗೆ ಆಗಲಿಲ್ಲ. ಬೆರಳುಗಳು ಮಣ್ಣನ್ನು ತೆಳುವಾಗಲು ಬಿಡುತ್ತಿರಲಿಲ್ಲ. ಹೆಂಡತಿ ಗಡಿಗೆಯೊಳಗೆ ಕೈಯಿಟ್ಟು ನೋಡಿ "ಇನ್ನೂ ದಪ್ಪ" ಎನ್ನುತ್ತಿದ್ದಳು. ಅವನು ಅದನ್ನು ಮುದ್ದೆ ಮಾಡಿ ಮತ್ತೆ ತಿಗರಿಗೆ ಏರಿಸುತ್ತಿದ್ದ. ಎರಡನೆಯ ದಿನವೂ ಅವಳು ಅದೇ ಮಾತನ್ನೇ ಹೇಳಿದಳು. ಮೂರನೆಯ ದಿನ ಒಂದು ಗಡಿಗೆಯೊಳಗೆ ಕೈಯಿಟ್ಟವಳು ಏನೂ ಹೇಳದೆ ಅದನ್ನು ನೆರಳಿಗೆ ಒಯ್ದಳು. ಅವನಿಗೆ ಸಂತೋಷವಾಗಲಿಲ್ಲ. ಇಷ್ಟು ತೆಳುವಾದದ್ದು ಇನ್ನು ಎಲ್ಲಿ ಬೇಕಾದರೂ ಬಿರಿಯಬಹುದಾಗಿತ್ತು.

ಐದು ಬೇಕಾಗಿತ್ತು, ಎಂಟು ಮಾಡಿದ. ಅವು ಒಣಗುವ ತನಕ ದಿನಕ್ಕೆ ಹತ್ತು ಸಲ ಹೋಗಿ ಮುಟ್ಟಿ ನೋಡಿದ. ಆವಿಗೆಗೆ ಬೆಂಕಿ ಕೊಟ್ಟ ದಿನ ಅದರ ಬದಿ ಬಿಟ್ಟು ಏಳಲಿಲ್ಲ. ಆವಿಗೆ ಬಿಚ್ಚಿದಾಗ ಮೂರು ಗಡಿಗೆ ಸೀಳಿದ್ದವು. ಅವನು ಉಳಿದ ಐದನ್ನೂ ಒಂದೊಂದಾಗಿ ಬೆರಳಿನಿಂದ ಮೀಟಿದ. ಐದೂ ದನಿ ಕೊಟ್ಟವು. ಅಂದು ಒಡೆದ ಗಡಿಗೆಯೂ ಹೀಗೆಯೇ ದನಿ ಕೊಟ್ಟಿತ್ತು. ಅದು ಅವನಿಗೆ ಗೊತ್ತಿತ್ತು.

ಕೆಮ್ಮಣ್ಣಿನ ಗೆರೆ ಎಳೆಯಲು ಕುಳಿತಾಗ ಕೈ ಅಲುಗಿತು. ಗೆರೆ ಮೇಲೆ ಏರಿ ಕೆಳಗೆ ಇಳಿಯಿತು. ಅಳಿಸಿ ಎಳೆದರೂ ಹಾಗೆಯೇ ಬಂತು. ಇನ್ನು ಹೊತ್ತಿರಲಿಲ್ಲ. ಗೆರೆ ಸೊಟ್ಟಗಾದ ಕಡೆಯಲ್ಲೆಲ್ಲ ಒಂದೊಂದು ಎಲೆ ಬರೆದ. ಅದು ಬಳ್ಳಿಯಂತೆ ಕಾಣಿಸಿತು. ಹಾಡುತ್ತ ಬಂದ ಹೆಂಗಸರು ಈ ಬಳ್ಳಿಯನ್ನು ತಾವು ಎಲ್ಲಿಯೂ ನೋಡಿಲ್ಲ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು.

ಐರಣಿಯ ಹಿಂದೆ ಕುಂಬಾರ ಹೋಗುವ ಪದ್ಧತಿಯಿಲ್ಲ. ಅವನು ಹೋದ. ನೀಲವ್ವ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಬೀದಿಯ ಎರಡೂ ಬದಿಯಲ್ಲಿ ಜನ ನಿಂತು ನೋಡುತ್ತಿದ್ದರು. ಕೆಲವರು ಮಕ್ಕಳನ್ನು ಒಳಗೆ ಕರೆದುಕೊಂಡರು. ಚಪ್ಪರದ ಬಾಗಿಲಲ್ಲಿ ಅವಳ ಕಾಲು ಹಾಸುಗಲ್ಲಿಗೆ ಎಡವಿತು. ಕುಂಬಾರ ಕಣ್ಣು ಮುಚ್ಚಿಕೊಂಡ. ಒಡೆಯುವ ಸದ್ದಿಗಾಗಿ ಕಾದ. ಹಾಡು ನಡೆದೇ ಇತ್ತು. ಕಣ್ಣು ಬಿಟ್ಟಾಗ ನೀಲವ್ವ ಗಡಿಗೆಯನ್ನು ಹಸೆಯ ಬದಿಗೆ ಇಳಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ತಂಗಿ ಬಂದು ಅವಳ ಕೈ ಹಿಡಿದುಕೊಂಡಳು.

ಆ ತಿಂಗಳೇ ಇನ್ನೆರಡು ಮನೆಯವರು ಬಂದು ಬಳ್ಳಿಯ ಗಡಿಗೆ ಬೇಕೆಂದರು. ಅವನು ಹೆಂಚಿನ ಕೆಲಸ ಬಿಟ್ಟು ಮತ್ತೆ ತಿಗರಿಗೆ ಕುಳಿತ. ಈಗಲೂ ಆ ಸುತ್ತಿನ ಊರುಗಳ ಮದುವೆಗೆ ಅವನ ಗಡಿಗೆಯೇ ಹೋಗುತ್ತದೆ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನ ಮುಖ ಸ್ವಲ್ಪ ಅರಳಿತು.

"ಹಾಗಾದರೆ ಕೊನೆಗೆ ಅವನ ಭಯ ಹೋಯಿತಲ್ಲವೇ, ಗುರುಗಳೇ?" ಎಂದು ಕೇಳಿದ.

"ಮೊನ್ನೆ ಅವನು ಆವಿಗೆ ಬಿಚ್ಚುವಾಗ ನಾನು ಅಲ್ಲಿಯೇ ಇದ್ದೆ," ಎಂದರು ಗುರುಗಳು, "ಕೈ ನಡುಗುತ್ತಿತ್ತು, ಬಿಚ್ಚುತ್ತಿದ್ದ."