ಹೊಗೆಯೊಳಗಿನ ಕಾವಲು

ಗುಡ್ಡದಾಚೆ ಕಾಡ್ಗಿಚ್ಚು ಎದ್ದು ವಾರ ಕಳೆದಿತ್ತು. ಬೆಂಕಿ ಅಲ್ಲೇ ಉರಿಯುತ್ತಿತ್ತು, ಹೊಗೆಯೂ ಬೂದಿಯೂ ಹಗಲಿರುಳು ಇತ್ತ ಬರುತ್ತಿದ್ದವು. ನೀರಿನ ಹೊಂಡದ ಪಕ್ಕದ ಮತ್ತಿಮರದ ಮೇಲೆ ಮುದಿ ಮುಸುವ, ಕೆಳಗೆ ಮರಿಯೊಂದಿಗೆ ಜಿಂಕೆ, ಎಂದಿನಂತೆ ಇದ್ದವು. ಮುಸುವ ಕಣ್ಣಿಟ್ಟು ನೋಡಬೇಕು, ಜಿಂಕೆ ಗಾಳಿ ಮೂಸಬೇಕು, ಚಿರತೆಯ ಸುಳಿವು ಯಾರಿಗೆ ಸಿಕ್ಕರೂ ಕೂಗಬೇಕು ಎಂಬುದು ಅವುಗಳ ಹಳೆಯ ಒಪ್ಪಂದ.

ಹೊಗೆ ಕುಡಿದು ಕುಡಿದು ಜಿಂಕೆಯ ಮೂಗು ಸತ್ತುಹೋಗಿತ್ತು. ಅದನ್ನು ಅದು ಬಾಯಿಬಿಟ್ಟು ಹೇಳಿರಲಿಲ್ಲ. ಮೇಲೆ ಮುಸುವನ ಕಣ್ಣಿದೆಯಲ್ಲ ಎಂದು ಧೈರ್ಯ ತಂದುಕೊಂಡಿತ್ತು.

"ಮುಸುವಣ್ಣ, ಮರಿಗೆ ಬಾಯಾರಿದೆ. ಹೊಂಡಕ್ಕೆ ಇಳಿಯಲೇ?"

"ನನ್ನನ್ನೇನು ಕೇಳುತ್ತೀ ತಂಗಿ, ಅಷ್ಟುದ್ದದ ಮೂಗು ನಿನ್ನದು."

"ಮೂಗು ಏನೂ ಇಲ್ಲ ಅನ್ನುತ್ತದೆ. ನಿನ್ನ ಕಣ್ಣು?"

"ಕಣ್ಣೂ ಅದನ್ನೇ ಅನ್ನುತ್ತದೆ. ಹೋಗಿ ಬಾ."

ಮರಿ ನೀರಿಗೆ ಬಾಯಿ ಹಾಕುವಷ್ಟರಲ್ಲಿ ಚಿರತೆ ಅದನ್ನು ಕಚ್ಚಿಕೊಂಡು ಹೊಗೆಯೊಳಗೆ ಮರೆಯಾಯಿತು.

"ಒಮ್ಮೆ ಕೂಗಬಾರದಿತ್ತೇ?" ಎಂದು ಜಿಂಕೆ ಕೇಳಿತು.

"ಈ ಹೊಗೆಯಲ್ಲಿ ನನ್ನ ಬಾಲವೇ ನನಗೆ ಕಾಣದು. ನಿನ್ನ ಮೂಗನ್ನು ನಂಬಿ ಕೂತಿದ್ದೆ."

"ಕಾಣದು ಎಂದು ಮೊದಲೇ ಏಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಕುರುಡನ ಮರದಡಿ ನಿಲ್ಲುತ್ತಿದ್ದೆಯಾ?"

ಜಿಂಕೆ ತನ್ನ ಮೂಗಿನ ಮಾತನ್ನು ಮುಚ್ಚಿಟ್ಟದ್ದೂ ಅದೇ ಭಯಕ್ಕೆ. ಮರಿ ಬೆಳಿಗ್ಗೆ ಮಲಗಿದ್ದ ಹುಲ್ಲಿನ ಬಳಿ ಹೋಗಿ, ಬೂದಿ ಊದಿ ಸರಿಸಿ, ಮೂಗು ಒತ್ತಿ ಬಹಳ ಹೊತ್ತು ಉಸಿರೆಳೆಯಿತು. ಮರಿಯ ವಾಸನೆ ಕೂಡ ಅದಕ್ಕೆ ಸಿಗಲಿಲ್ಲ.