ಹಿಕ್ಕೆಯ ಗುಂಡಿ

“ಬುದ್ಧಿ, ನಮ್ಮಲ್ಲಿ ನೂರಕ್ಕೆ ತೊಂಬತ್ತೊಂದು ಮಕ್ಕಳು ಪದವಿ ಮುಗಿಸಿ ಹೋಗುತ್ತಿದ್ದಾರೆ. ಮೂರು ವರ್ಷದ ಹಿಂದೆ ಐವತ್ತೆಂಟು ಇತ್ತು. ಎಲ್ಲರೂ ಬೆನ್ನು ತಟ್ಟುತ್ತಾರೆ. ನನ್ನ ಮನಸ್ಸು ಮಾತ್ರ ಯಾಕೆ ಒಪ್ಪುತ್ತಿಲ್ಲ?”

ಹೀಗೆ ಕೇಳಿದವನು ಷಡಕ್ಷರಿ, ಒಂದು ಖಾಸಗಿ ವಿಶ್ವವಿದ್ಯಾಲಯದ ಕುಲಸಚಿವ. ಕೇಳಿಸಿಕೊಂಡವರು ಮಠದ ಹಿರಿಯ ಗುರುಗಳು. ಷಡಕ್ಷರಿ ಚಿಕ್ಕಂದಿನಲ್ಲಿ ಆ ಮಠದಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಓದಿದವನು. ಆರನೇ ತರಗತಿಯಲ್ಲಿ ಎರಡು ವರ್ಷ ಕೂತವನು. ಆ ಸಂಗತಿಯನ್ನು ಅವನು ಈಗ ಯಾರ ಮುಂದೆಯೂ ಹೇಳುವುದಿಲ್ಲ, ಬಿಡಿ. ದೊಡ್ಡ ಕುರ್ಚಿ ಸಿಕ್ಕ ಮೇಲೆ ಮಠಕ್ಕೆ ಬರುವುದು ಕಡಿಮೆಯಾಗಿತ್ತು. ಬಂದಾಗಲೆಲ್ಲ ಹಣ್ಣಿನ ಬುಟ್ಟಿ ತರುತ್ತಿದ್ದ. ಈ ಸಲ ಬುಟ್ಟಿ ಇರಲಿಲ್ಲ. ತೊಡೆಯ ಮೇಲೆ ಒಂದು ಚರ್ಮದ ಚೀಲ ಇತ್ತು. ಕೂತಾಗಿನಿಂದ ಅದನ್ನು ಕೆಳಗೆ ಇಟ್ಟಿರಲಿಲ್ಲ.

“ಐವತ್ತೆಂಟು ಹೋಗಿ ತೊಂಬತ್ತೊಂದು ಆಯಿತೇ? ಭೇಷ್! ಅಂಥದ್ದೇನು ಮಾಡಿದೆಯಪ್ಪ?” ಎಂದರು ಗುರುಗಳು.

ಷಡಕ್ಷರಿ ಹೇಳಿದ. ವಿಶ್ವವಿದ್ಯಾಲಯದಲ್ಲಿ ಎಣಿಕೆ ನಡೆಯುವುದು ತರಗತಿ ಶುರುವಾಗಿ ಎರಡು ತಿಂಗಳು ಕಳೆದ ಮೇಲೆ. ಆ ದಿನ ತರಗತಿಯಲ್ಲಿ ಉಳಿದವರಷ್ಟೇ ಸೇರಿದವರ ಲೆಕ್ಕ. ನೂರಕ್ಕೆ ಎಷ್ಟು ಮಂದಿ ಪದವಿ ಪಡೆದರು ಎಂದು ಹೇಳುವುದೂ ಆ ಲೆಕ್ಕದ ಮೇಲೆಯೇ. ಅದಕ್ಕೆ ಮುಂಚೆ ಬಿಟ್ಟುಹೋದವರು ಬಂದೇ ಇರಲಿಲ್ಲ ಎಂದ ಹಾಗೆ. ಇದು ಹೊಳೆದ ಮೇಲೆ ಷಡಕ್ಷರಿ ಆರನೇ ವಾರಕ್ಕೆ ಒಂದು ಪರೀಕ್ಷೆ ಇಡಿಸಿದ. ತೀರಾ ಹಿಂದೆ ಬಿದ್ದವರನ್ನು ಒಬ್ಬೊಬ್ಬರನ್ನಾಗಿ ಕರೆದು, ಕೂರಿಸಿ, ಕಾಫಿ ಕೊಡಿಸಿ, ‘ಇದು ನಿಮ್ಮ ಕೈಯಲ್ಲಿ ಆಗುವುದಲ್ಲ, ಸುಮ್ಮನೆ ಯಾಕೆ ಕಷ್ಟಪಡುತ್ತೀರಿ’ ಎಂದು ಒಳ್ಳೆಯ ಮಾತಿನಲ್ಲೇ ಹೇಳುತ್ತಿದ್ದ. ‘ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ’ ಎಂಬ ಪತ್ರವನ್ನು ಮುಂದೆ ಇಡುತ್ತಿದ್ದ. ಪತ್ರದ ಒಕ್ಕಣೆಯೂ ಅವನದೇ. ಯಾರ ಮೇಲೂ ಕೂಗಾಡಿದ್ದಿಲ್ಲ, ಯಾರನ್ನೂ ಕತ್ತು ಹಿಡಿದು ದಬ್ಬಿದ್ದಿಲ್ಲ. ಮಕ್ಕಳು ತಾವಾಗಿಯೇ ಸಹಿ ಹಾಕುತ್ತಿದ್ದರು.

ಈ ವರ್ಷದ ಎಣಿಕೆ ಸೋಮವಾರ. ಚೀಲದಲ್ಲಿ ನಲವತ್ತಮೂರು ಪತ್ರಗಳಿದ್ದವು. ಮಕ್ಕಳ ಸಹಿ ಬಿದ್ದಿತ್ತು. ಷಡಕ್ಷರಿಯ ಸಹಿಯೊಂದು ಬಾಕಿ. ಪ್ರತಿ ವರ್ಷ ಒಂದೇ ಉಸಿರಿಗೆ ಹಾಕಿ ಮುಗಿಸುತ್ತಿದ್ದವನಿಗೆ ಈ ಸಲ ಕೈ ಬಂದಿರಲಿಲ್ಲ.

“ಒಬ್ಬಳು ಹುಡುಗಿ, ಬುದ್ಧಿ. ಮಲ್ಲಾಜಮ್ಮ ಅಂತ. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಸಹಿ ಹಾಕುವ ಮುಂಚೆ, ‘ಸಾರ್, ಇನ್ನೊಂದು ತಿಂಗಳು ನೋಡಿ ಸಾರ್. ಪಾಠ ಈಗೀಗ ತಲೆಗೆ ಹತ್ತುತ್ತಾ ಇದೆ’ ಅಂದಳು. ಈಗ ಹಾಸ್ಟೆಲ್ಲಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದಾಳಂತೆ. ಅವಳ ತಾಯಿಗೆ ಇನ್ನೂ ತಿಳಿಸಿಲ್ಲವಂತೆ.”

“ನೀನೇನಂದೆ ಅವಳಿಗೆ?”

“ಎಲ್ಲರೂ ಹಾಗೇ ಹೇಳುತ್ತಾರಮ್ಮ ಅಂದೆ.”

ಗುರುಗಳು ಅವನ ತೊಡೆಯ ಮೇಲಿದ್ದ ಚೀಲವನ್ನು ಒಮ್ಮೆ ನೋಡಿದರು. ಅವರಿಗೆ ಸಿಟ್ಟು ಬಂದಿದೆಯೋ ಬೇಸರವಾಗಿದೆಯೋ ಷಡಕ್ಷರಿಗೆ ತಿಳಿಯಲಿಲ್ಲ. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಚಿಕ್ಕವನಾಗಿದ್ದಾಗ ಬೈಸಿಕೊಂಡ ದಿನ ಅವನಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು.

“ಒಂದು ಕತೆ ಹೇಳುತ್ತೇನೆ, ಕೇಳು” ಎಂದರು ಗುರುಗಳು.

“ಒಂದು ಊರಿನಲ್ಲಿ ಒಬ್ಬ ರೈತ ರೇಷ್ಮೆ ಹುಳ ಸಾಕುತ್ತಿದ್ದ. ನೀನು ನಮ್ಮ ಕಡೆಯವನೇ, ಆದರೂ ಕುರ್ಚಿಯ ಮೇಲೆ ಕೂತು ಮರೆತಿರುತ್ತೀಯ, ಅದಕ್ಕೆ ಹೇಳುತ್ತೇನೆ. ರೇಷ್ಮೆ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಹೆಸರಿಗೆ ಜ್ವರ, ಕಾಯಿಲೆಯಲ್ಲ. ಹಳೆಯ ಚರ್ಮ ಬಿಡುವ ಮುಂಚೆ ಹುಳ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ನೋಡಿದವರಿಗೆ ಸತ್ತಿದೆಯೋ ಏನೋ ಅನ್ನಿಸಬೇಕು. ಒಂದು ದಿನ ಕಳೆದ ಮೇಲೆ ಚರ್ಮ ಕಳಚಿ ಏಳುತ್ತದೆ. ಎದ್ದದ್ದೇ ಸೊಪ್ಪು ಹುಡುಕುತ್ತದೆ. ಆದರೆ ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಕೆಲವು ಬೆಳಗ್ಗೆ ಏಳುತ್ತವೆ, ಕೆಲವು ಮಧ್ಯಾಹ್ನ, ಕೆಲವು ಸಂಜೆ.

“ಆ ರೈತನ ಅಪ್ಪ ಕಡೆಯ ಹುಳ ಏಳುವ ತನಕ ತಟ್ಟೆಗೆ ಸೊಪ್ಪು ಹಾಕುತ್ತಿರಲಿಲ್ಲ. ಮುಂಚೆ ಎದ್ದದ್ದು ಅರ್ಧ ದಿನ ಹಸಿದಿದ್ದರೆ ಸಾಯುವುದಿಲ್ಲ ಎನ್ನುತ್ತಿದ್ದ. ಮಗನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು! ಎದ್ದ ಹುಳ ತಲೆ ಆಡಿಸುವುದನ್ನು ಕಂಡರೆ ಅವನಿಗೆ ಜೀವ ತಡೆಯುತ್ತಿರಲಿಲ್ಲ. ಕೊಯ್ದು ತಂದ ಸೊಪ್ಪು ಬಾಡಿಹೋಗುತ್ತದೆ ಎಂಬ ಚಿಂತೆ ಬೇರೆ. ಅರ್ಧ ಹುಳ ಎದ್ದವೋ ಇಲ್ಲವೋ, ತಟ್ಟೆಯ ಮೇಲೆ ಬಲೆ ಹಾಸಿಬಿಡುತ್ತಿದ್ದ. ಬಲೆಯ ಮೇಲೆ ಹೊಸ ಸೊಪ್ಪು. ಎದ್ದ ಹುಳಗಳು ಬಲೆಯ ಕಣ್ಣುಗಳಲ್ಲಿ ತೂರಿ ಮೇಲಕ್ಕೆ ಬರುತ್ತಿದ್ದವು. ಬಂದವನ್ನು ಬಲೆ ಸಮೇತ ಎತ್ತಿ ಬೇರೆ ತಟ್ಟೆಗೆ ಇಡುತ್ತಿದ್ದ. ಕೆಳಗೆ ಉಳಿದ ಹಿಕ್ಕೆ, ಒಣಗಿದ ಎಲೆ, ದಂಟು, ಎಲ್ಲವನ್ನೂ ಮೊರಕ್ಕೆ ತುಂಬಿ ಹಿತ್ತಿಲ ಗುಂಡಿಗೆ ಸುರಿಯುತ್ತಿದ್ದ. ಸುರಿದ ಮೇಲೆ ತಿರುಗಿ ನೋಡುತ್ತಿರಲಿಲ್ಲ.

“ಅವನ ತಟ್ಟೆ ಮಾತ್ರ ನೋಡಬೇಕು! ಎಲ್ಲ ಹುಳವೂ ಒಂದೇ ಉದ್ದ, ಒಂದೇ ದಪ್ಪ. ಊರವರು ಹುಳದ ಮನೆಯ ಹೊಸ್ತಿಲಲ್ಲಿ ನಿಂತು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನಮ್ಮ ತಟ್ಟೆಯಲ್ಲಿ ಸಣ್ಣವು ದೊಡ್ಡವು ಎಲ್ಲ ಕಲಸುಮೇಲೋಗರ, ನಿನ್ನದು ನೋಡಯ್ಯ ಎನ್ನುತ್ತಿದ್ದರು. ನನ್ನ ತಟ್ಟೆಯಲ್ಲಿ ಒಂದು ಹುಳವೂ ಸಾಯುವುದಿಲ್ಲ ಎಂದು ಅವನು ಮೀಸೆ ತಿರುವುತ್ತಿದ್ದ. ಅದು ಸುಳ್ಳೇನಲ್ಲ. ಅವನ ತಟ್ಟೆಯಲ್ಲಿ ಒಂದು ಹುಳವೂ ಸತ್ತಿರಲಿಲ್ಲ.”

ಷಡಕ್ಷರಿ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಕಳೆದ ವರ್ಷ ವಿಶ್ವವಿದ್ಯಾಲಯದವರು ಹೊದಿಸಿದ ಶಾಲು ಅವನಿಗೆ ನೆನಪಾಯಿತು. ಅವತ್ತು ವೇದಿಕೆಯ ಮೇಲೆ ತಾನೂ ಹೆಚ್ಚುಕಡಿಮೆ ಇದೇ ಮಾತು ಆಡಿದ್ದ.

“ಆದರೆ ಗೂಡು ಕಟ್ಟುವ ಹೊತ್ತಿಗೆ ಚಂದ್ರಿಕೆ ತುಂಬುತ್ತಿರಲಿಲ್ಲ” ಎಂದು ಗುರುಗಳು ಮುಂದುವರಿಸಿದರು. “ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳಗಳನ್ನು ಬಿಡಲು ಹತ್ತು ಬಿದಿರಿನ ಚಂದ್ರಿಕೆ ತಂದಿಟ್ಟರೆ ಐದಕ್ಕೇ ಹುಳ ಮುಗಿದುಹೋಗುತ್ತಿತ್ತು. ಮೊಟ್ಟೆ ಸರಿಯಿಲ್ಲ ಎಂದ. ಮೊಟ್ಟೆ ಕೊಟ್ಟವನನ್ನು ಬಾಯಿಗೆ ಬಂದಂತೆ ಬೈದ. ಬೇರೆ ಕಡೆಯಿಂದ ಮೊಟ್ಟೆ ತರಿಸಿದ. ಆಗಲೂ ಅಷ್ಟೇ. ಮೂರು ಬೆಳೆ ಹೀಗೇ ಹೋಯಿತು. ಕೊನೆಗೆ ನಾಲ್ಕನೆಯ ಬೆಳೆಯಲ್ಲಿ, ಹುಳ ಜ್ವರದಿಂದ ಎದ್ದ ಮಾರನೆಯ ದಿನ, ಪಕ್ಕದ ಮನೆಯ ಅಜ್ಜಿಯನ್ನು ಕರೆತಂದ. ಅವಳು ಹುಳ ಸಾಕಿಯೇ ತಲೆ ನರೆಸಿಕೊಂಡವಳು. ನನ್ನ ಹುಳಗಳೆಲ್ಲ ಎಲ್ಲಿ ಹೋಗುತ್ತಿವೆ ನೋಡಜ್ಜಿ ಎಂದ.

“ಅಜ್ಜಿ ಹುಳದ ಮನೆಯ ಒಳಗೆ ಕಾಲೇ ಇಡಲಿಲ್ಲ. ‘ಹಿಕ್ಕೆ ಎಲ್ಲಿ ಸುರೀತೀಯ ಮಗ?’ ಎಂದಳು. ಅವನು ಗುಂಡಿ ತೋರಿಸಿದ. ಅವಳು ಒಂದು ಕೋಲು ತೆಗೆದುಕೊಂಡು ಹಿಂದಿನ ದಿನ ಸುರಿದದ್ದನ್ನು ಸರಿಸಿದಳು. ಹುಳಗಳು ಅಲ್ಲಿದ್ದವು. ಹತ್ತಲ್ಲ, ನೂರಲ್ಲ. ಚರ್ಮ ಕಳಚಿಕೊಂಡು, ತಡವಾಗಿ ಎದ್ದು, ಹಿಕ್ಕೆಯಲ್ಲಿ ಹೊರಳುತ್ತಿದ್ದವು. ತಲೆ ಎತ್ತಿ ಅತ್ತ ಇತ್ತ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ರೈತ ಎರಡೂ ಕೈಯಲ್ಲಿ ಬಾಚಿಕೊಂಡು ಒಳಗೆ ಓಡಲು ಹೊರಟ. ಅಜ್ಜಿ ತಡೆದಳು. ‘ಗುಂಡಿಗೆ ಬಿದ್ದವನ್ನು ಒಳಗೆ ತಂದರೆ ಇರುವವಕ್ಕೂ ರೋಗ ಅಂಟುತ್ತದೆ, ಬೇಡ’ ಎಂದಳು. ‘ಹಾಗಾದರೆ ಈಗ ನಾನೇನು ಮಾಡಲಿ?’ ಎಂದ ರೈತ. ‘ನಿನ್ನೆ ಸಂಜೆಯ ತನಕ ಕಾದಿದ್ದರೆ ಸಾಕಿತ್ತು’ ಎಂದು ಹೇಳಿ ಅಜ್ಜಿ ಮನೆಗೆ ಹೋದಳು.

“ಅವನು ಗುಂಡಿಯ ಪಕ್ಕದಲ್ಲೇ ಒಂದು ಚಾಪೆ ಹಾಸಿ ಹುಳಗಳನ್ನು ಬಿಟ್ಟ. ಎಳೆಯ ಸೊಪ್ಪು ತಂದು ಹಾಕಿದ. ಕೆಲವು ತಿಂದವು. ಬಹಳಷ್ಟಕ್ಕೆ ತಿನ್ನುವ ಶಕ್ತಿ ಇರಲಿಲ್ಲ. ಮಾರನೆಯ ದಿನ ಇರುವೆ ಮುತ್ತಿದವು. ಅವನು ಕೂತಲ್ಲೇ ಕೂತು ಇರುವೆ ಓಡಿಸಿದ. ಊಟಕ್ಕೂ ಏಳಲಿಲ್ಲ. ಇವನಿಗೇನು ಹುಚ್ಚು ಹಿಡಿಯಿತು ಎಂದು ಊರವರು ಆಡಿಕೊಂಡರು. ನಾಲ್ಕನೆಯ ದಿನಕ್ಕೆ ಚಾಪೆಯ ಮೇಲೆ ಅಲ್ಲಾಡುವ ಹುಳ ಒಂದೂ ಉಳಿದಿರಲಿಲ್ಲ. ಅದಾದ ಮೇಲೆ ಯಾರಾದರೂ ಬಂದು ತಟ್ಟೆ ನೋಡಿ ಹೊಗಳಿದರೆ ಅವನು ಎದ್ದು ಹೊರಗೆ ಹೋಗುತ್ತಿದ್ದ.”

ಕತೆ ಅಲ್ಲಿಗೆ ಮುಗಿಯಿತು. ಆ ರೈತನ ಮೇಲೆ ಷಡಕ್ಷರಿಗೆ ತುಂಬಾ ಕನಿಕರ ಬಂದಿತ್ತು. ಹೊತ್ತು ನೋಡಿದ. ಈಗ ಹೊರಟರೆ ಕತ್ತಲಾಗುವುದರೊಳಗೆ ವಿಶ್ವವಿದ್ಯಾಲಯ ಸೇರಿ ಆ ಹುಡುಗಿಯನ್ನು ತಡೆಯಬಹುದಿತ್ತು. ಆದರೂ ಏಳಲಿಲ್ಲ. ಗುರುಗಳ ಬಾಯಿಂದ ಒಂದು ಸಮಾಧಾನದ ಮಾತು ಕೇಳಿಕೊಂಡೇ ಹೋಗಬೇಕು ಅನ್ನಿಸಿತು.

“ಪಾಪ, ಬುದ್ಧಿ” ಎಂದ. “ಅವನು ಬೇಕೂಂತ ಮಾಡಿದ್ದಲ್ಲವಲ್ಲ. ಕೆಳಗಿದ್ದವು ಏಳುತ್ತಿವೆ ಅಂತ ಅವನಿಗೆ ಗೊತ್ತಿರಲಿಲ್ಲ.”

“ಹೌದಪ್ಪ, ಹುಳಕ್ಕೆ ಮಾತು ಬರುವುದಿಲ್ಲ, ಅವನಿಗೆ ಗೊತ್ತಾಗಲಿಲ್ಲ, ನಿನಗೆ ಆ ಹುಡುಗಿ ಬಾಯಿಬಿಟ್ಟು ಹೇಳಿದಳಲ್ಲ” ಎಂದರು ಗುರುಗಳು.