ನೇಕಾರನ ಹೂಂ

"ಸರ್, ರೋಗಿಯ ಹಣೆಗೆ ಪಟ್ಟಿ ಅಂಟಿಸುತ್ತೇವೆ. ಮೆದುಳಿಗೆ ಆಮ್ಲಜನಕ ಸೇರುತ್ತಿದೆಯೋ ಇಲ್ಲವೋ ಪರದೆಯೇ ಹೇಳುತ್ತದೆ. ಆದರೂ ತಲೆಯ ಬಳಿ ಕೂತು ಮಾತಾಡಿಸು ಅಂತೀರಲ್ಲ, ಯಾಕೆ?"

ತಂತಿ ಜೋಡಿಸುತ್ತಲೇ ಮೃದುಲಾ ಕೇಳಿದಳು. ಇನ್ನು ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜನ ಹೃದಯಕ್ಕೆ ಹೊಸ ಕವಾಟ ಕೂರಿಸುವುದಿತ್ತು. ಅವಳಿಗೆ ಕೆಲಸ ಕಲಿಸುತ್ತಿದ್ದ ಹಿರಿಯ ವೈದ್ಯರು ನಕ್ಕರು.

"ಪರದೆ ಪರದೆ ಅಂತ ಜಪ ಮಾಡ್ತೀಯಲ್ಲಮ್ಮ. ಒಂದು ಕತೆ ಹೇಳುತ್ತೇನೆ, ಕೇಳು."

"ಹೂಂ."

ಒಬ್ಬ ನೇಕಾರನಿದ್ದ. ಮಾತು ಕಡಿಮೆ. ಮಗ್ಗದ ಸದ್ದಿನಲ್ಲಿ ಹೆಂಡತಿ ಏನು ಹೇಳಿದರೂ ಹೂಂ ಅನ್ನುವುದು ಅವನಿಗೆ ರೂಢಿ. ಅವನ ಹೃದಯದ ಕವಾಟ ಗಡುಸಾಯಿತು. ತೊಡೆಯ ರಕ್ತನಾಳದ ಮೂಲಕ ಹೊಸದನ್ನು ಒಯ್ದು ಕೂರಿಸಬೇಕು. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಬರೀ ಮಂಪರು; ಮಾತಾಡಿಸಬಹುದು. ಹಳೆಯದನ್ನು ಒತ್ತರಿಸುವಾಗ ಒಂದು ಚೂರು ಕಳಚಿ ಮೆದುಳಿಗೆ ಹೋದೀತೆಂದು ಒಬ್ಬ ವೈದ್ಯ ತಲೆಯ ಬಳಿ ಕಾವಲು ಕೂತ.

"ಆರಾಮಾ ಯಜಮಾನ್ರೇ?" ಎಂದು ವೈದ್ಯ ಕೇಳಿದ.

"ಹೂಂ" ಎಂದ ನೇಕಾರ.

ಕವಾಟ ಕೂತಿತು. ವೈದ್ಯ ಮತ್ತೆ ಅದನ್ನೇ ಕೇಳಿದ. ನೇಕಾರ ಮತ್ತೆ ಹೂಂ ಎಂದ. ಪರದೆಯ ಅಂಕಿ ಅಲುಗಿರಲಿಲ್ಲ. ಹೃದಯ ಚೆನ್ನಾಗಿ ಬಡಿಯುತ್ತಿತ್ತು. ಎಲ್ಲರೂ ಕೈಗವಸು ಕಳಚಿದರು.

ಸಂಜೆ ಹೆಂಡತಿ ಬಂದು, "ಬಾಗಿಲಲ್ಲಿ ಯಾರು ನಿಂತಿದ್ದಾರೆ ಹೇಳ್ರೀ?" ಎಂದಳು. ನಿಂತಿದ್ದವಳು ಮಗಳು. ನೇಕಾರ ಅವಳನ್ನೇ ನೋಡಿದ. ಹೂಂ ಎಂದ. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಚೂರು ಯಾವಾಗಲೋ ಹೋಗಿ ಮಾತಿನ ಜಾಗದಲ್ಲಿ ಕೂತಿತ್ತು. ಹಣೆಯ ಪಟ್ಟಿಗೆ ಅಷ್ಟು ದೂರ ಕಾಣುವುದಿಲ್ಲ. ಕೂಡಲೇ ತಿಳಿದಿದ್ದರೆ ತೆಗೆಯಲು ನೋಡಬಹುದಿತ್ತು. ಹೊತ್ತು ಮೀರಿತ್ತು. ಆಮೇಲೆ ಆ ಮನೆಯಲ್ಲಿ ಮಗ್ಗ ಆಡಿತು, ಅಪ್ಪ ಮಗಳ ಹೆಸರು ಹಿಡಿದು ಕರೆಯಲೇ ಇಲ್ಲ.

ಆ ವೈದ್ಯನೂ ಪಾಪ, ಕೆಟ್ಟವನಲ್ಲ. ಕಣ್ಣು ಮಿಟುಕಿಸದೆ ಕೂತಿದ್ದ. ಎಲ್ಲದಕ್ಕೂ ಹೂಂ ಅನ್ನುವವನ ಹತ್ತಿರ, ಹೂಂ ಅಂದರೆ ಸಾಕಾಗುವ ಪ್ರಶ್ನೆಯನ್ನೇ ಕೇಳಿದ.

"ಹೂಂ ಸರ್, ಅರ್ಥವಾಯಿತು" ಎಂದಳು ಮೃದುಲಾ. ಕಣ್ಣು ತಂತಿಯ ಮೇಲೆಯೇ ಇತ್ತು.

ಅಷ್ಟರಲ್ಲಿ ಅಜ್ಜನನ್ನು ಮಲಗಿಸಿದ ಗಾಲಿ ಮಂಚ ಬಾಗಿಲು ದಾಟಿ ಒಳಗೆ ಬಂತು. ಹೊರಗೆ ನಿಂತ ಒಬ್ಬ ಹೆಂಗಸು ಕಣ್ಣೊರೆಸಿಕೊಂಡು, "ಹೋಗಿ ಬಾ ಅಪ್ಪಾ" ಎಂದಳು.

ಗುರುಗಳು ಮೆಲ್ಲಗೆ ಕೇಳಿದರು: "ಆಕೆಯ ಹೆಸರೇನಮ್ಮ?"

ಮೃದುಲಾ ತಂತಿ ಕೆಳಗಿಟ್ಟು, ಹೆಸರು ಕೇಳಿಕೊಂಡು ಬರಲು ಬಾಗಿಲ ಕಡೆ ನಡೆದಳು.